ರಸ್ತೆಗೆ ಬೆನ್ನು ಮಾಡಿದ ಶಾಲೆ

ಹಿಂದೂಪುರದ ಇಂಜಿನಿಯರ್ ಹರಿತಾ ಶಾಲೆಯ ನಕ್ಷೆ ಹಿಡಿದು ನಾರಮ್ಮನ ಮನೆಗೆ ಹೋದದ್ದು ಮಾರ್ಚ್ ಮೊದಲ ವಾರದಲ್ಲಿ. ಕಲ್ಯಾಣದುರ್ಗದಿಂದ ಬೆಳುಗುಪ್ಪದ ಕಡೆ ಹೋಗುವ ದಾರಿಯಲ್ಲಿ, ಕನ್ನಡ ತೆಲುಗು ಎರಡೂ ಆಡುವ ಸಣ್ಣ ಊರು ಅದು. ನಾರಮ್ಮನ ಒಬ್ಬನೇ ಮಗ ಲಕ್ಷ್ಮೀಕಾಂತ್ ಲಾರಿ ಡ್ರೈವರು. ಹಿಂದಿನ ವರ್ಷ ಕೊಡಿಕೊಂಡದ ಹತ್ತಿರ ಅಪಘಾತದಲ್ಲಿ ತೀರಿಹೋಗಿದ್ದ. ವಿಮೆಯ ಹಣವನ್ನು ಆಕೆ ಮುಟ್ಟಿರಲಿಲ್ಲ. ಮಗ ಓದಿದ ಶಾಲೆಗೆ ಹೊಸ ಕಟ್ಟಡವಾಗಲಿ ಎಂದು ಅಷ್ಟನ್ನೂ ಕೊಡಲು ಮುಂದಾಗಿದ್ದಳು.

ನಕ್ಷೆ ನೋಡಿದವಳೇ ಹುಬ್ಬು ಗಂಟಿಕ್ಕಿದಳು. "ರೋಡ್ ಕಡೆ ಒಂದು ಬಾಗಿಲಿಲ್ಲ, ಕಿಟಕಿ ಇಲ್ಲ. ಏಮಮ್ಮಾ ಇದು?"

"ರೋಡ್ ಇರೋದು ಪಡುಗಡೆಗೆ ಅಮ್ಮ. ಅಲ್ಲಿ ಕಿಟಕಿ ಇಟ್ರೆ ಮಧ್ಯಾಹ್ನದ ಬಿಸಿಲೆಲ್ಲ ಮಕ್ಕಳ ಮೇಲೇ ಬೀಳ್ತದೆ."

"ಬಿಸಿಲು ಗಿಸಿಲು ನಂಗೊತ್ತಿಲ್ಲ. ಮುಂಬಾಗಿಲು ರೋಡಿಗಿರ್ಲಿ, ಮೇಲೆ ನಮ್ ಕಾಂತು ಹೆಸರಿರ್ಲಿ. ಅವನ ಜೊತೆ ಲಾರಿ ಓಡಿಸ್ತಿದ್ದೋರು ಇದೇ ದಾರೀಲಿ ಹೋಯ್ತಾರೆ. ಓದ್ಕೊಂಡು ಒಂದ್ಸಲ ನೆನೀಲಿ ಅವನ್ನ. ಅಷ್ಟೂ ಬೇಡ್ವಾ?"

ಹರಿತಾ ನಕ್ಷೆ ಮಡಚಿದಳು. ಮಗನನ್ನು ಕಳೆದುಕೊಂಡವಳ ಮುಂದೆ ಗಾಳಿ, ಬೆಳಕು, ಕರೆಂಟಿನ ಉಳಿತಾಯ ಎಂದು ಪಾಠ ಹೇಳುವುದು ಹೇಗೆ? ಹೂಂ ಅಂದರೆ ಕೆಲಸ ನಾಳೆಯೇ ಶುರುವಾಗುತ್ತಿತ್ತು. ಆದರೂ ಮನಸ್ಸು ಒಪ್ಪಲಿಲ್ಲ.

"ಕೊಡೋದು ಬಿಡೋದು ನಿಮ್ಮಿಷ್ಟ ಅಮ್ಮ. ಒಂದ್ಸಲ ನನ್ ಜೊತೆ ಸ್ಕೂಲಿಗೆ ಬನ್ನಿ."

ಮಧ್ಯಾಹ್ನ ಎರಡು ಗಂಟೆ. ಹಳೇ ಶಾಲೆಯ ಶೀಟಿನ ಮಾಡು ಕಾದು ಹೆಂಚಾಗಿತ್ತು. ಬಿಸಿಲು ತಡೆಯಲು ರಸ್ತೆ ಕಡೆಯ ಕಿಟಕಿಗೆ ಗೋಣಿಚೀಲ ಕಟ್ಟಿದ್ದರಿಂದ ಒಳಗೆ ಮಬ್ಬು. ಹೆಡ್ ಮೇಡಂ ಶೋಭಾರಾಣಿ ಪಾಠ ಮಾಡುತ್ತಿದ್ದರು. ನಾರಮ್ಮ ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಪಕ್ಕದ ಹುಡುಗಿ ಪುಸ್ತಕದ ಮೇಲೆ ತಲೆಯಿಟ್ಟಳು.

"ಯಾಕವ್ವಾ?"

"ತಲೆನೋವು ಅಜ್ಜೀ. ದಿನಾ ಬತ್ತದೆ."

ನಾರಮ್ಮ ಅವಳನ್ನು ಮಡಿಲಿಗೆ ಎಳೆದುಕೊಂಡು, ಬೆಲ್ ಹೊಡೆಯುವವರೆಗೂ ಸೆರಗಿನಿಂದ ಗಾಳಿ ಹಾಕಿದಳು. ಹೊರಗೆ ಬಂದು ಜಗುಲಿಯ ಮೇಲೆ ಕೂತಳು.

"ಕಾಂತುನೂ ಹಿಂಗೇ ತಲೆನೋವು ಅಂತಿದ್ದ ಕಣಮ್ಮ. ಸ್ಕೂಲ್ ತಪ್ಸೋಕೆ ಸುಳ್ಳಾಡ್ತಾನೆ ಅಂತ ಹೊಡ್ದುಬುಟ್ಟಿದ್ದೆ. ಏಳನೇ ಕ್ಲಾಸಿಗೇ ಬಿಟ್ಬುಟ್ಟ."

ಹರಿತಾಳೂ ಪಕ್ಕದಲ್ಲಿ ಕೂತಳು. ನಾರಮ್ಮ ಕಣ್ಣೊರೆಸಿಕೊಂಡು, "ನಿನ್ ನಕ್ಷೆ ಹೆಂಗೈತೋ ಹಂಗೇ ಕಟ್ಸು" ಅಂದಳು.

ದಪ್ಪ ಮಣ್ಣಿಟ್ಟಿಗೆಯ ಗೋಡೆಗಳೆದ್ದವು. ಮಾಡಿನ ಸೋಲಾರ್ ಫಲಕಗಳಿಗೆ ಕಡಿಮೆ ಬಿದ್ದ ಹಣವನ್ನು ಹಳೇ ವಿದ್ಯಾರ್ಥಿಗಳು ಕೊಟ್ಟರು. ರಸ್ತೆ ಕಡೆಯ ಬೋಳು ಗೋಡೆಯ ಮೇಲೆ ಲಕ್ಷ್ಮೀಕಾಂತನ ಹೆಸರನ್ನು ಕನ್ನಡದಲ್ಲೂ ತೆಲುಗಿನಲ್ಲೂ ಹರಿತಾಳೇ ಬರೆಸಿದಳು.

ಮರುವರ್ಷದ ಬೇಸಿಗೆಯಲ್ಲಿ ಒಳಗಿನ ಬಿಸಿ ಎಷ್ಟಿದೆಯೆಂದು ಅಳೆಯಲು ಅವಳು ಮತ್ತೆ ಬಂದಳು. ತರಗತಿ ನಡೆಯುತ್ತಿತ್ತು. ನಾರಮ್ಮ ಹಿಂದೆ ತಣ್ಣನೆಯ ಗೋಡೆಗೊರಗಿ ಕೂತಲ್ಲೇ ನಿದ್ದೆಹೋಗಿದ್ದಳು. ಶೋಭಾರಾಣಿ ದನಿ ತಗ್ಗಿಸಿ ಪಾಠ ಮುಂದುವರಿಸಿದ್ದರು. ಮಕ್ಕಳೂ ಪಿಸುಮಾತಿನಲ್ಲೇ ಉತ್ತರ ಹೇಳುತ್ತಿದ್ದರು.