ಪದವಿ ಮುಗಿಸದವಳ ಮೊಮ್ಮಗಳು

ಅಲಬಾಮಾದ ಆ ಸರ್ಕಾರಿ ವಿಶ್ವವಿದ್ಯಾಲಯದ ಕಡೆ ಇನ್ನು ಮುಖ ಹಾಕುವುದಿಲ್ಲ ಎಂದು ವೆಲ್ಮಾ ಟಿನ್ಸ್ಲಿ ಹರೆಯದಲ್ಲೇ ಶಪಥ ಮಾಡಿದ್ದಳು. ಮುಪ್ಪಿನಲ್ಲಿ ಅದನ್ನು ಮುರಿಸಿದವಳು ಮೊಮ್ಮಗಳು ಕಾರ್ಲಿಸ್.

"ಅಜ್ಜಿ, ಅಲ್ಲಿ ಓದಿದವರ ಮಕ್ಕಳು ಮೊಮ್ಮಕ್ಕಳಿಗೆ ಸೀಟಲ್ಲಿ ಆದ್ಯತೆ ಇದೆಯಂತೆ. ನೀನೂ ಅಲ್ಲೇ ಓದಿದ್ದೆ ತಾನೆ? ಬಾ, ಕೇಳ್ಕೊಂಡು ಬರೋಣ."

ಓದಿದ್ದೇನೋ ನಿಜ. ಅಲ್ಲಿನ ಹಾಸ್ಟೆಲಿಗೆ ಕಾಲಿಟ್ಟ ಮೊದಲ ಕಪ್ಪು ಹುಡುಗಿ ಅವಳು. ಅದೇ ಕೋಣೆ ಸಿಕ್ಕಿದ್ದ, ಎಡಗಲ್ಲದಲ್ಲಿ ಮಚ್ಚೆಯಿದ್ದ ಬಿಳಿಯ ಹುಡುಗಿಯೊಬ್ಬಳು ಬಾಗಿಲಲ್ಲಿ ವೆಲ್ಮಾಳ ಮುಖ ನೋಡಿದವಳೇ ಪೆಟ್ಟಿಗೆ ಎತ್ತಿಕೊಂಡು ಹೊರಟುಹೋಗಿದ್ದಳು. ಎದುರಿನ ಮಂಚಕ್ಕೆ ಮತ್ತೆ ಯಾರೂ ಬರಲಿಲ್ಲ. ಊಟಕ್ಕೆ ಕೂತರೆ ಸುತ್ತಲಿನವರು ಕುರ್ಚಿ ಎಳೆದುಕೊಂಡು ದೂರ ಸರಿಯುತ್ತಿದ್ದರು. ತಿಂಗಳುಗಟ್ಟಲೆ ಯಾರೂ ಮಾತಾಡಿಸದೆ ವೆಲ್ಮಾ ಆ ಖಾಲಿ ಮಂಚದ ಜೊತೆಯೇ ಮಾತಾಡತೊಡಗಿದಳು. ಒಂದು ಸಂಜೆ ಅದು ಉತ್ತರ ಕೊಟ್ಟ ಹಾಗಾಯಿತು. ಹೆದರಿ, ಓದು ಬಿಟ್ಟು ಊರಿಗೆ ಓಡಿಬಂದಳು. ಗಂಡನ ಮನೆಯಲ್ಲೂ ಮಲಗುವ ಕೋಣೆಗೆ ಎರಡನೆಯ ಮಂಚ ತರಗೊಡಲಿಲ್ಲ.

ಪ್ರವೇಶದ ಕಚೇರಿಯಲ್ಲಿದ್ದ ಹೆಂಗಸು ನಯವಾಗಿಯೇ ಕೇಳಿದಳು. "ಯಾವ ವರ್ಷ ಪದವಿ ಆಯ್ತು, ಮೇಡಂ?"

"ಆಗಲಿಲ್ಲ. ನಡುವೆ ಬಿಟ್ಟೆ."

"ಅಯ್ಯೋ, ಪದವಿ ಮುಗಿಸಿದವರ ಮನೆಯವರಿಗೆ ಮಾತ್ರ ಆ ಆದ್ಯತೆ."

ಪಕ್ಕದ ಬೆಂಚಿನಲ್ಲಿ ಬಿಳಿಯ ಮುದುಕಿಯೊಬ್ಬಳು ಕೂತಿದ್ದಳು. "ನಮ್ಮದು ಎಲ್ಲಾ ಇಲ್ಲೇ," ಎಂದಳು ಖುಷಿಯಾಗಿ. "ನಾನು, ನನ್ನ ಮಗಳು, ಈಗ ಮೊಮ್ಮಗ. ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲ?"

ಅವಳ ಎಡಗಲ್ಲದ ಮಚ್ಚೆ ಕಂಡು ವೆಲ್ಮಾ ಗುರುತು ಹಿಡಿದಳು.

"ನೋಡಿದ್ದೀರಿ. ಹಾಸ್ಟೆಲಿನ ಬಾಗಿಲಲ್ಲಿ, ಪೆಟ್ಟಿಗೆ ಹಿಡ್ಕೊಂಡು."

ಮುದುಕಿಯ ಮುಖ ಬಿಳಚಿಕೊಂಡಿತು. "ಆಗ ನಂಗೆ ಹದಿನೆಂಟು..."

"ನಂಗೂ ಅಷ್ಟೇ."

ಹೊರಗೆ ಬಂದಮೇಲೆ ಅಜ್ಜಿಯಿಂದ ಎಲ್ಲಾ ಕೇಳಿ ಕಾರ್ಲಿಸ್ ಬಿಕ್ಕಿದಳು. "ಇಷ್ಟೆಲ್ಲಾ ಆಗಿತ್ತು ಅಂತ ಯಾಕೆ ಹೇಳ್ಲಿಲ್ಲ? ಈ ಹಾಳು ಸೀಟು ನಂಗೆ ಬೇಡ."

"ಬೇಡ ಅನ್ಬೇಡ ಕಣೇ. ನನ್ನ ಹೆಸರಿಲ್ದೇನೇ ಅರ್ಜಿ ಹಾಕು."

ಹಾಕಿದಳು. ಸೀಟು ಸಿಗಲಿಲ್ಲ. ಆ ಮುದುಕಿಯ ಮೊಮ್ಮಗನಿಗೆ ಸಿಕ್ಕಿತೆಂದು ಆಮೇಲೆ ತಿಳಿಯಿತು. ಕಾರ್ಲಿಸ್ ಬೇರೆ ಊರಿನ ಕಾಲೇಜು ಸೇರಿದಳು.

ಅವಳನ್ನು ಬಿಟ್ಟುಬಂದ ವಾರದಲ್ಲೇ ವೆಲ್ಮಾ ನಿಂತ ಓದನ್ನು ಮುಗಿಸಲು ಅದೇ ವಿಶ್ವವಿದ್ಯಾಲಯಕ್ಕೆ ತಾನೇ ಸೇರಿಕೊಂಡಳು.

"ಈ ವಯಸ್ಸಲ್ಲಿ ಯಾಕಜ್ಜಿ?" ಕಾರ್ಲಿಸ್ ಫೋನಿನಲ್ಲಿ ಗಾಬರಿಯಾದಳು.

"ನನ್ನ ಪದವಿ ಅವರ ಹತ್ರವೇ ಉಳ್ಕೊಂಡುಬಿಟ್ಟಿದೆಯಲ್ಲೇ."

ಮೊದಲ ದಿನ ಎಲ್ಲರಿಗಿಂತ ಮುಂಚೆ ತರಗತಿಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು, ಚೀಲವನ್ನು ಎದೆಗವಚಿಕೊಂಡು ಕೂತಳು. ಹುಡುಗ ಹುಡುಗಿಯರು ಬಂದರು, ನಗುತ್ತಾ ಅವಳ ಎರಡೂ ಬದಿಗೆ ಕೂತರು. ಪಾಠ ಶುರುವಾಯಿತು. ವೆಲ್ಮಾ ಮಾತ್ರ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ.