ಹಾಲು ಬರಿಸುವ ಜಾಮು

ಮೂವತ್ತೊಂದು ವರ್ಷ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಜಾಮು ಅನ್ನುವ ಗಿಡಮೂಲಿಕೆ ಕಷಾಯ ಮಾರಿದವಳು ನಾನು. ಅಕ್ಕಿ ಕಚ್ಚೋರ ಅರೆದದ್ದು ಮೈಕೈ ನೋವಿಗೆ, ಅರಿಶಿನ ಹುಣಸೆಯದ್ದು ಮುಟ್ಟಿನ ಹೊಟ್ಟೆನೋವಿಗೆ. ಬಾಣಂತಿಯರಿಗೆ ಹಾಲು ಬರಿಸುವ ಉಯುಪ್-ಉಯುಪ್ ಅಂತೂ ಸೋಲೋ ನದಿಯ ಈ ದಡದಲ್ಲಿ ನನ್ನ, ಅಂದರೆ ತುಕಿನೆಮ್‌ಳ ಕೈಯದ್ದೇ ಆಗಬೇಕು ಎನ್ನುತ್ತಿದ್ದರು. ಊರಿನ ಅರ್ಧ ಮಕ್ಕಳು ನನ್ನ ಸೀಸೆಯಿಂದಲೇ ಬೆಳೆದವೆಂದು ನಾನೂ ಜಂಬ ಕೊಚ್ಚಿದ್ದೆ.

ಆ ಜಾಮು ನನ್ನ ಮಗಳು ವುರಿಗೇ ಹತ್ತಲಿಲ್ಲ.

ಹೆರಿಗೆಯಾದ ಮೂರನೆಯ ದಿನ ಅವಳಿಗೆ ಜ್ವರ ಏರಿತು. ಅಂದೇ ನದಿ ಉಕ್ಕಿ ಸೇತುವೆ ಮುಳುಗಿತು. ಸೂಲಗಿತ್ತಿ ಆಚೆ ದಡದಲ್ಲಿ ಉಳಿದಳು. ದೋಣಿ ಹುಡುಕಿಕೊಂಡು ಹೋದ ಅಳಿಯ ತಿರುಗಿ ಬಂದಿರಲಿಲ್ಲ. ಹೊತ್ತು ಹೊತ್ತಿಗೆ ಕುಡಿಸಿದೆ, ಎದೆ ನೀವಿದೆ, ಬಿಸಿಬಟ್ಟೆ ಒತ್ತಿದೆ. ಒಂದು ಹನಿ ಇಲ್ಲ. ಐದನೆಯ ದಿನ ಬೆಳಿಗ್ಗೆ ಮಗು ಅಳುವುದನ್ನೇ ನಿಲ್ಲಿಸಿತು. ಬಾಯಿ ಮಾತ್ರ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

"ಊರೋರಿಗೆಲ್ಲಾ ಹಾಲು ಬರಿಸ್ದೋಳು ನೀನು. ನಂಗ್ಯಾಕಮ್ಮಾ ಬರ್ತಿಲ್ಲ?" ಎಂದಳು ವುರಿ.

ಎದೆಹಾಲಿದ್ದವಳು ಊರಿಗೆಲ್ಲ ಒಬ್ಬಳೇ, ಅಂಗಡಿಯ ಪಾರ್ತಿನಾ. ತನ್ನ ಪ್ಯಾಕೆಟ್ ಜಾಮು ಪುಡಿ ಖರ್ಚಾಗಲೆಂದು ನನ್ನ ಸೀಸೆಗಳು ಕೊಳಕು ಎಂದು ಹೇಳಿಕೊಂಡು ಬಂದವಳು. ಎರಡು ತಿಂಗಳ ಹಿಂದೆ ಅವಳು ಹೆತ್ತಾಗ ಉಯುಪ್-ಉಯುಪ್ ಬೇಕೆಂದು ಹೇಳಿಕಳಿಸಿದ್ದಳು. "ಪ್ಯಾಕೆಟ್ ಕಲಸ್ಕೊಂಡು ಕುಡಿ ಅನ್ನು" ಎಂದು ನಾಲ್ಕು ಜನರ ಎದುರು ಅಂದು ಕಳಿಸಿದ್ದೆ.

ಸೊಂಟಮಟ್ಟದ ನೀರಿನಲ್ಲಿ ಮಗುವನ್ನು ಎತ್ತಿ ಹಿಡಿದು ಅವಳ ಬಾಗಿಲಿಗೆ ಹೋದೆ. ಪಾರ್ತಿನಾ ಅಂಗಡಿಯ ಮೇಜಿನ ಮೇಲೆ ಮಗನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಹಾಲಿನ ಪುಡಿಯ ಪೊಟ್ಟಣಗಳೆಲ್ಲ ಕೆಸರಿನಲ್ಲಿ ಒಡೆದು ಬಿದ್ದಿದ್ದವು.

"ಏನಕ್ಕಾ, ಜಾಮು ತಂದ್ಯಾ? ಎರಡು ತಿಂಗಳು ತಡ ಆಯ್ತಲ್ಲ."

"ಮಗು ಹೋಗ್ತಿದೆ ಕಣೆ. ಬೇಕಾದ್ರೆ ಆಮೇಲೆ ಕೆನ್ನೆಗೆ ಹೊಡಿ. ಮೊದ್ಲು ಎದೆಗೆ ಹಾಕ್ಕೋ."

ಅವಳು ಕೈ ಚಾಚಲಿಲ್ಲ. "ನನ್ ಮಗನಿಗೇ ಸಾಲ್ತಿಲ್ಲ. ನೆರೆ ಬಂದ್ಮೇಲೆ ಹೊಟ್ಟೆತುಂಬ ಅನ್ನ ಎಲ್ಲಿ ಉಂಡಿದೀನಿ?" ಅದರಲ್ಲಿ ಕೊಂಕಿರಲಿಲ್ಲ. ಮಗುವಿನ ಮುಖ ನೋಡಿದಳು. "ಬಿಸ್ಮಿಲ್ಲಾ" ಎಂದು ಸೆಳೆದುಕೊಂಡಳು.

ಚೀಪಲು ಶಕ್ತಿಯಿರಲಿಲ್ಲ. ತುಟಿಯ ಮೇಲೆ ಹನಿ ಹನಿಯಾಗಿ ಹಿಂಡಿದಳು. ನಾಲ್ಕನೆಯ ಹನಿಗೆ ಮಗು ಗುಟುಕರಿಸಿತು.

"ನನ್ ಹಾಲು ಕುಡಿದ್ಮೇಲೆ ಇವ್ಳೀಗ ನನ್ ಮಗನಿಗೆ ತಂಗಿ ಆದ್ಲು. ನಾಳೆ ಮದ್ವೆ ಗಿದ್ವೆ ಅನ್ನಂಗಿಲ್ಲ."

"ನಿನ್ನಂಥ ಬೀಗಿತಿ ತಪ್ಪಿದ್ದೇ ಪುಣ್ಯ."

ಇಬ್ಬರೂ ನಕ್ಕೆವು. ನಗು ಅಳುವಾಗಲು ಹೊತ್ತು ಹಿಡಿಯಲಿಲ್ಲ.

"ಇಬ್ರಿಗೂ ಸಾಲ್ಬೇಕಂದ್ರೆ ನಿನ್ ಕಷಾಯ ಬೇಕು ನಂಗೆ," ಎಂದಳು.

"ಅದು ಹೆತ್ತ ಮಗಳಿಗೇ ಕೆಲಸ ಮಾಡಲಿಲ್ಲ ಪಾರ್ತಿನಾ."

"ಮಾಡುತ್ತೋ ಬಿಡುತ್ತೋ, ನೀ ಕಾಯ್ಸು."

ನನ್ನ ನಂಬಿಕೆ ಸತ್ತಿತ್ತು. ಆದರೂ ಹೋದೆ. ಕಷಾಯಕ್ಕೆ ಬೇಕಾದ ಚಕ್ರಮುನಿ ಗಿಡಗಳು ತುದಿಯವರೆಗೂ ಮುಳುಗಿದ್ದವು. ಕೆಸರುನೀರಿನಲ್ಲಿ ಕೈಯಾಡಿಸಿ, ಎಲೆಯೋ ಕಳೆಯೋ ಎಂದು ಒಂದೊಂದನ್ನೂ ಮೂಸಿ ಕಿತ್ತೆ. ಅಟ್ಟದ ಮೇಲೆ ಕಚ್ಚೋರವೂ ಶುಂಠಿಯೂ ಉಳಿದಿದ್ದವು. ಅವಳ ಮೇಜಿನ ಮೇಲೆಯೇ ಒಲೆ ಹೂಡಿ ಕುದಿಸಿದೆ. "ಥೂ, ಹಸುಗಳಿಗೂ ಬೇಡ ಇದು" ಎಂದು ಬೈಯುತ್ತ ಮೂಗು ಹಿಡಿದು ಕುಡಿದಳು. ನನ್ನ ಮನೆಯ ಹಿಡಿ ಅಕ್ಕಿಯನ್ನೂ ಅವಳಿಗೇ ಬೇಯಿಸಿ ಹಾಕಿದೆ. ಎರಡು ದಿನ ಆ ಮನೆಗೂ ಈ ಮನೆಗೂ ಈಸಿದೆ. ಇಲ್ಲಿ ಮೊಮ್ಮಗಳ ಉಸಿರು, ಅಲ್ಲಿ ಮಗಳ ಉಸಿರು. ಜಾಮು ಹತ್ತಿತೋ, ಅನ್ನ ಹತ್ತಿತೋ, ಅವಳ ಹಟವೋ ನಾನರಿಯೆ. ಎರಡು ಮಕ್ಕಳಿಗೂ ಹಾಲು ಸಾಲಿತು.

ಏಳನೆಯ ದಿನ ಅಳಿಯ ದೋಣಿ ತಂದ. ಪ್ರಜ್ಞೆಯಿಲ್ಲದ ವುರಿಯನ್ನು ಆಸ್ಪತ್ರೆಗೆ ಒಯ್ದರು.

ಇಪ್ಪತ್ತೆರಡು ದಿನಕ್ಕೆ ಎಲುಬಿನ ಹಂದರವಾಗಿ ಮರಳಿದಳು. ಎದೆ ಬತ್ತಿಯೇ ಹೋಗಿತ್ತು. ಮಡಿಲಿಗೆ ಹಾಕಿದರೆ ಮಗು ಕಿರುಚಿತು. ಬಾಗಿಲಲ್ಲಿ ಪಾರ್ತಿನಾಳ ದನಿ ಕೇಳಿ ಅತ್ತ ತಲೆ ಹೊರಳಿಸಿತು.

"ಅವ್ಳಿಗೇ ಕೊಟ್ಬಿಡಮ್ಮ," ಎಂದು ವುರಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಪಾರ್ತಿನಾ ಮಗುವನ್ನು ಎತ್ತಿಕೊಳ್ಳಲಿಲ್ಲ. ವುರಿಗೆ ಮೈತಾಗುವಂತೆ ಕುಳಿತಳು. "ಸೊಟ್ಟ ಮೋರೆ ಸಾಕು. ನೀನೇ ಹಿಡ್ಕೋ, ನಾ ಕುಡಿಸ್ತೀನಿ," ಎಂದು ಬಾಗಿದಳು. ವುರಿಯ ಕೈ ಮಗುವಿನ ತಲೆಯ ಕೆಳಗೆ ಬಂತು.