ಒಲೆಯ ಹಿಂದಿನ ಬ್ಯಾಟರಿ

ಯುಸ್ತಿನಾ ಆ ಕಾರನ್ನು ಮನೆಗೆ ತಂದ ದಿನ ಅವಳ ಅಣ್ಣ ಒರೆಸ್ಟ್ ಅದಕ್ಕೆ ಎರಡು ಸುತ್ತು ಹಾಕಿದ, ಬಾನೆಟ್ ಎತ್ತಿ ಇಣುಕಿದ, ಆಮೇಲೆ ತಂಗಿಯ ಮುಖ ನೋಡಿದ.

"ಇಂಜಿನ್ನೇ ಇಲ್ವಲ್ಲೇ! ಇದೇನು ಕಾರೋ, ಇಸ್ತ್ರಿ ಪೆಟ್ಟಿಗೆಯೋ?"

"ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿ ಡೀಸೆಲ್ ಹೊಗೆ ಕುಡಿದಿದ್ದೀನಿ ಅಣ್ಣ. ಇನ್ನು ಇಸ್ತ್ರಿ ಪೆಟ್ಟಿಗೇಲೇ ಓಡಾಡ್ತೀನಿ. ನಿಂಗ್ಯಾಕೆ ಹೊಟ್ಟೆ ಉರಿ?"

ಸಸ್ಕಾಚೆವಾನ್ ಬಯಲಿನ ಆ ಊರಿಗೆ ಊರೇ ಮೂಗು ಮುರಿಯಿತು. ಮೊದಲ ಹಿಮ ಬಿದ್ದ ದಿನವೇ ಕರೆಂಟಿನ ಕಾರು ಮೂಲೆ ಸೇರುತ್ತದೆ ಎಂದರು. ಸೇರಲಿಲ್ಲ. ಎರಡು ಚಳಿಗಾಲ ಒಂದು ದಿನವೂ ಕೈಕೊಡದೆ ಓಡಿತು. ಭಾನುವಾರ ಚರ್ಚಿನಲ್ಲಿ ಕೊನೆಯ ಪ್ರಾರ್ಥನೆ ನಡೆಯುವಾಗ ಯುಸ್ತಿನಾ ಬೆಂಚಿನ ಕೆಳಗೆ ಫೋನು ಹಿಡಿದು ಒಂದು ಗುಂಡಿ ಒತ್ತುವಳು. ಹೊರಗೆ ಕಾರು ತಾನೇ ಬೆಚ್ಚಗಾಗುತ್ತಿತ್ತು. ಉಳಿದವರೆಲ್ಲ ನಡುಗುತ್ತ ಗಾಜಿನ ಮೇಲಿನ ಮಂಜು ಕೆರೆಯುತ್ತಿದ್ದರೆ ಅಣ್ಣ ತಂಗಿ ಅವರ ಮುಂದೆಯೇ ಕೈಬೀಸಿಕೊಂಡು ಹೊರಡುತ್ತಿದ್ದರು. ಒರೆಸ್ಟ್‌ನ ಎದೆ ಉಬ್ಬುತ್ತಿತ್ತು. ಆದರೆ ಬಾಯಿಬಿಟ್ಟು ಒಂದು ಒಳ್ಳೆಯ ಮಾತು ಆಡಲಿಲ್ಲ. ಹೊಗಳಿದರೆ ನಾಲಿಗೆ ಸವೆಯುತ್ತದೆ ಎಂದು ನಂಬಿದ ವಂಶ ಅದು.

ಮೂರನೆಯ ಚಳಿಗಾಲಕ್ಕೆ ಯುಸ್ತಿನಾಳ ರಕ್ತದಲ್ಲಿ ಕ್ಯಾನ್ಸರ್ ಕಾಣಿಸಿತು. ನವೆಂಬರಿನಲ್ಲಿ ಅವಳ ಮಗಳು ಲೆಸ್ಯಾ ಬಂದು ಮುನ್ನೂರು ಕಿಲೋಮೀಟರ್ ದೂರದ ಸಸ್ಕಟೂನಿನ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಹೊರಡುವ ಮುನ್ನ ಯುಸ್ತಿನಾ ಕಾರನ್ನು ಷೆಡ್ಡಿಗೆ ಹಾಕಿ, ಚಾರ್ಜಿನ ವೈರು ಚುಚ್ಚಿ, ಗೋಡೆಗೆ ಒಂದು ಚೀಟಿ ಅಂಟಿಸಿದಳು. 'ವೈರು ಕೀಳಬೇಡ. ಚಾರ್ಜು ಅರವತ್ತು ಪರ್ಸೆಂಟಿಗೆ ತಾನೇ ನಿಲ್ಲುತ್ತದೆ, ಪೂರ್ತಿ ತುಂಬಿಸಬೇಡ. ಏನನ್ನೂ ಬಿಚ್ಚಬೇಡ.' ಕೊನೆಯ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದಳು. ಅಣ್ಣನ ಕೈ ಎಂಥದ್ದೆಂದು ಅವಳಿಗೆ ಗೊತ್ತಿತ್ತು.

"ಈಸ್ಟರ್‌ಗೆ ನಾನೇ ಇದನ್ನ ಓಡಿಸ್ಕೊಂಡು ಚರ್ಚಿಗೆ ಹೋಗ್ತೀನಿ. ಅಲ್ಲೀವರೆಗೆ ಮುಟ್ಟಿದ್ಯೋ, ಕೈ ಮುರೀತೀನಿ."

"ಯಾರಿಗೆ ಬೇಕು ನಿನ್ನ ಇಸ್ತ್ರಿ ಪೆಟ್ಟಿಗೆ! ಹೋಗೇ ಸುಮ್ನೆ."

ಅವರ ಗಾಡಿ ಕಣ್ಮರೆಯಾದ ಮೇಲೆ ಅವನು ಕೊಟ್ಟಿಗೆಗೆ ಹೋಗಿ ಒಂದು ಹಸುವಿನ ಬೆನ್ನಿಗೆ ಹಣೆ ಇಟ್ಟು ಅತ್ತ. ಎಪ್ಪತ್ತೊಂದು ವರ್ಷದ ಅವನಿಗೆ ಅವಳನ್ನು ಬಿಟ್ಟರೆ ಜಗಳವಾಡಲು ಇನ್ನೊಬ್ಬರಿರಲಿಲ್ಲ.

ನಲವತ್ತು ದನ ಕಟ್ಟಿಕೊಂಡವನು ದಿನಾ ಆಸ್ಪತ್ರೆಗೆ ಓಡಲಾಗುತ್ತದೆಯೇ? ಹದಿನೈದು ದಿನಕ್ಕೊಮ್ಮೆ ಹೋಗಿಬರುತ್ತಿದ್ದ, ಸಂಜೆ ಫೋನು ಮಾಡುತ್ತಿದ್ದ. ಬೆಳಿಗ್ಗೆ ಮತ್ತು ರಾತ್ರಿ ಷೆಡ್ಡಿಗೆ ಹೋಗಿ ಕಾರಿನ ಹಸಿರು ದೀಪ ಉರಿಯುತ್ತಿದೆಯೇ ಎಂದು ನೋಡುತ್ತಿದ್ದ. ಕಾರು ಚೆನ್ನಾಗಿದ್ದರೆ ತಂಗಿ ಬರುತ್ತಾಳೆ. ಇದು ಅವನ ಲೆಕ್ಕ. ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ.

ಜನವರಿಯಲ್ಲಿ ರೇಡಿಯೋ ಮೈನಸ್ ನಲವತ್ತನಾಲ್ಕು ಎಂದಿತು. ಕರೆಂಟು ಒಂದೇ ದಿನ ಎರಡು ಸಲ ಹೋಗಿಬಂತು. ಒರೆಸ್ಟ್‌ನ ಎದೆಯಲ್ಲಿ ಅಳುಕು ಹುಟ್ಟಿತು. ನಿಂತ ಯಂತ್ರದ ಬ್ಯಾಟರಿಯನ್ನು ಚಳಿಯಲ್ಲಿ ಬಿಡಬಾರದು, ಬಿಚ್ಚಿ ಮನೆಯೊಳಗೆ ತರಬೇಕು ಎಂದು ಅವನಿಗೆ ಅಪ್ಪ ಕಲಿಸಿದ್ದ. ಟ್ರ್ಯಾಕ್ಟರು, ಟ್ರಕ್ಕು ಎಲ್ಲಕ್ಕೂ ಅವನು ಹಾಗೇ ಮಾಡಿ ಬದುಕಿದವನು. ಈ ಕಾರಿನ ದೊಡ್ಡ ಬ್ಯಾಟರಿ ಕಾರಿನ ಅಡಿಯಲ್ಲಿತ್ತು, ಆನೆ ಬಂದರೂ ಎತ್ತುವಂಥದ್ದಲ್ಲ. ಆದರೆ ಬಾನೆಟ್ಟಿನ ಕೆಳಗೆ ಟ್ರ್ಯಾಕ್ಟರಿನದರಂಥದ್ದೇ ಇನ್ನೊಂದು ಸಣ್ಣ ಬ್ಯಾಟರಿ ಇತ್ತು. ಚೀಟಿಯನ್ನು ಮೂರು ಸಲ ಓದಿದ. ಇಂಥ ಚಳಿ ಬರುತ್ತದೆಂದು ಪಾಪ ಅವಳಿಗೇನು ಗೊತ್ತಿತ್ತು ಎಂದುಕೊಂಡು, ವೈರು ಕಿತ್ತು, ಸಣ್ಣ ಬ್ಯಾಟರಿ ಬಿಚ್ಚಿ, ಬಾನೆಟ್ಟನ್ನು ಹಗುರಾಗಿ ಇಳಿಸಿಟ್ಟು ಬಂದ. ಬ್ಯಾಟರಿಯನ್ನು ಹಳೆಯ ರಜಾಯಿಯಲ್ಲಿ ಸುತ್ತಿ, ಎಳೆಗರುವನ್ನು ಮಲಗಿಸಿದಂತೆ ಅಡುಗೆಮನೆಯ ಒಲೆಯ ಹಿಂದೆ ಇಟ್ಟ. ಟ್ರ್ಯಾಕ್ಟರನ್ನೂ ಷೆಡ್ಡಿನೊಳಗೆ ತುರುಕಿದ.

ಮರುದಿನ ಸಂಜೆ ಫೋನಿನಲ್ಲಿ ಯುಸ್ತಿನಾ ಅದೂ ಇದೂ ಮಾತಾಡಿ, ಕೊನೆಗೆ, "ಷೆಡ್ಡಲ್ಲಿ ಈಗ ಜಾಗ ಆಯ್ತೇನೋ ಅಣ್ಣ?" ಎಂದಳು.

"ಆಯ್ತಾಯ್ತು. ಟ್ರ್ಯಾಕ್ಟರ್‌ನೂ ಒಳಗೆ ಹಾಕ್ದೆ."

"ಹೌದಾ... ಒಳ್ಳೇದಾಯ್ತು ಬಿಡು."

ದಣಿದಿದ್ದಾಳೆ ಎಂದುಕೊಂಡ. ಬ್ಯಾಟರಿಯ ಸುದ್ದಿ ಎತ್ತಲಿಲ್ಲ. ಎತ್ತಿದರೆ ಮಂಗಳಾರತಿ ಗ್ಯಾರಂಟಿ.

ಬ್ಯಾಟರಿ ಬಿಚ್ಚಿದ ಹನ್ನೆರಡನೆಯ ದಿನ ಬೆಳಿಗ್ಗೆ ಹಿಮಗಾಳಿ ಎದ್ದು ಹೆದ್ದಾರಿ ಮುಚ್ಚಿದರು. ಒಂಬತ್ತು ಗಂಟೆಗೆ ಲೆಸ್ಯಾಳ ಫೋನು ಬಂತು.

"ಮಾವ, ಅಮ್ಮಂಗೆ ರಾತ್ರಿಯಿಂದ ಉಸಿರು ಏರಿಳೀತಿದೆ. ಇವತ್ತು ದಾಟೋದು ಕಷ್ಟ ಅಂದ್ರು."

"ಬರ್ತೀನಿ. ಈಗ್ಲೇ ಹೊರಡ್ತೀನಿ."

"ಎಲ್ಲಿಂದ ಬರ್ತೀಯ? ರಸ್ತೆ ಮುಚ್ಚಿದೆ." ಅವಳು ತಡೆಯಲಾರದೆ ಕೇಳಿಯೇಬಿಟ್ಟಳು. "ಕಾರು ಮಾರೋ ಮುಂಚೆ ಅವಳಿಗೊಂದು ಮಾತು ಹೇಳ್ಬಾರ್ದಿತ್ತಾ ಮಾವ?"

"ಯಾವ ಕಾರು?"

"ಅವಳದ್ದು! ದಿನಾ ಬೆಳಿಗ್ಗೆ ಕಣ್ಣುಬಿಟ್ಟ ತಕ್ಷಣ ಫೋನಲ್ಲಿ ಅದನ್ನೇ ನೋಡ್ತಿದ್ಲು. ಅರವತ್ತಿದೆ, ಅಣ್ಣ ಚೆನ್ನಾಗಿ ನೋಡ್ಕೊಂಡಿದ್ದಾನೆ ಅಂತ ನರ್ಸ್‌ಗಳಿಗೆಲ್ಲ ತೋರಿಸ್ತಿದ್ಲು. ಒಂದಿನ 'ಕಾರು ಸಿಗುತ್ತಿಲ್ಲ' ಅಂತ ಬಂತು. ಎರಡು ದಿನ ನೋಡಿದ್ಲು. ಆಮೇಲೆ ಫೋನ್ ಮಗುಚಿಟ್ಟು, ಅಣ್ಣ ಮಾರಿದ ಕಣೇ, ನಾನು ವಾಪಸ್ ಬರಲ್ಲ ಅಂತ ಅವನಿಗೂ ಗೊತ್ತಾಗಿದೆ ಅಂದ್ಲು. ಆಮೇಲೆ ಸರಿಯಾಗಿ ಊಟಾನೇ ಮಾಡ್ಲಿಲ್ಲ."

ಒರೆಸ್ಟ್ ಒಲೆಯ ಹಿಂದೆ ನೋಡಿದ. ರಜಾಯಿಯ ಗಂಟು ಬೆಚ್ಚಗೆ ಕೂತಿತ್ತು. ಕಾರು ಅವಳ ಫೋನಿಗೆ ಸುದ್ದಿ ಕಳಿಸುತ್ತಿದ್ದದ್ದು ಆ ಸಣ್ಣ ಬ್ಯಾಟರಿಯ ಬಲದಿಂದಲೇ ಎಂದು ಅವನಿಗೆ ಆಗ ಹೊಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಆ ಮಾತು ಅವನಿಗೆಂದೇ ಹುಟ್ಟಿದಂತಿತ್ತು.

"ಫೋನ್ ಇಡ್ಬೇಡ ಲೆಸ್ಯಾ. ಅವಳ ಫೋನ್ ತಗೊಂಡು ಪಕ್ಕದಲ್ಲೇ ಕೂತ್ಕೋ. ನಾನು ಮಾರಿಲ್ಲ. ದೇವರಾಣೆ ಮಾರಿಲ್ಲ."

ಗಂಟನ್ನು ಎದೆಗವಚಿಕೊಂಡು ಹೊರಬಿದ್ದ. ಮುಂದಿನ ಹೆಜ್ಜೆ ಕಾಣುತ್ತಿರಲಿಲ್ಲ. ಮನೆಯಿಂದ ಷೆಡ್ಡಿಗೆ ಕಟ್ಟಿದ ಹಗ್ಗ ಹಿಡಿದೇ ನಡೆದ. ಕೈಗವಸು ಹಾಕಿಕೊಂಡರೆ ನಟ್ಟು ಹಿಡಿಯಲಾಗದು, ತೆಗೆದರೆ ಬೆರಳು ಕಬ್ಬಿಣಕ್ಕೆ ಅಂಟುತ್ತದೆ. ತೆಗೆದ. ಒಂದು ನಟ್ಟು ಕೈತಪ್ಪಿ ಎಲ್ಲೋ ಬಿತ್ತು, ಅದನ್ನು ಬಿಟ್ಟು ವೈರನ್ನು ತಂತಿಯಿಂದ ಬಿಗಿದ. ಬೆರಳ ತುದಿಯ ಚರ್ಮ ಸ್ಪ್ಯಾನರಿಗೆ ಅಂಟಿ ಕಿತ್ತುಬಂದದ್ದು ಅವನಿಗೆ ಆಮೇಲೆ ಗೊತ್ತಾಯಿತು.

ಕಾರಿನೊಳಗೆ 'ಟಕ್' ಎಂದಿತು. ಪರದೆ ಬೆಳಗಿತು. ಓಡಿಹೋಗಿ ಚಾರ್ಜಿನ ವೈರು ಚುಚ್ಚಿದ.

"ಬಂತಾ?" ಎಂದು ಜೇಬಿನ ಫೋನಿಗೆ ಕೂಗಿದ.

"ಇಲ್ಲ ಮಾವ. ಸಿಗುತ್ತಿಲ್ಲ ಅಂತಾನೇ ಇದೆ."

"ಇನ್ನೊಂದ್ಸಲ ನೋಡು."

"ಇಲ್ಲ."

ಅವನು ಕಾರಿನ ಬಾಗಿಲಿಗೆ ಹಣೆ ಹಚ್ಚಿ, "ಏಳೋ, ನಿನ್ನ ದಮ್ಮಯ್ಯ ಏಳೋ" ಎಂದು ಬೇಡಿಕೊಂಡ. ಇಸ್ತ್ರಿ ಪೆಟ್ಟಿಗೆ ಎಂದು ಆಡಿಕೊಂಡದ್ದಕ್ಕೆಲ್ಲ ಕ್ಷಮೆ ಕೇಳಿದ. ಎಷ್ಟು ನಿಮಿಷವಾಯಿತೋ.

"ಮಾವ! ಬಂತು! ಐವತ್ತೇಳು!"

"ತೋರಿಸು! ಅವಳ ಮುಖದ ಹತ್ತಿರ ಹಿಡಿ!"

ಫೋನಿನಲ್ಲಿ ಲೆಸ್ಯಾಳ ದನಿ ದೂರವಾಯಿತು. "ಅಮ್ಮಾ, ನೋಡು, ಕಾರು. ಮಾವ ಮಾರಿಲ್ವಂತೆ. ಮನೇಲೇ ಇದೆ, ನೋಡಮ್ಮಾ." ಆಮೇಲೆ ಷೆಡ್ಡಿನ ತಗಡಿಗೆ ಗಾಳಿ ಬಡಿಯುವ ಸದ್ದಷ್ಟೇ ಕೇಳಿಸುತ್ತಿತ್ತು.

"ನೋಡಿದ್ಲಾ?"

"ಕಣ್ಣು ತೆರೆದೇ ಇತ್ತು ಮಾವ."

"ನೋಡಿದ್ಲಾ ಅಂತ ಕೇಳ್ದೆ."

"ಗೊತ್ತಾಗ್ಲಿಲ್ಲ." ಲೆಸ್ಯಾ ಅಳತೊಡಗಿದಳು.

ಜೀವಮಾನವಿಡೀ ದನ ಸಾಕಿದವನು ಒರೆಸ್ಟ್. ತೆರೆದ ಕಣ್ಣೆಲ್ಲ ನೋಡುವ ಕಣ್ಣಲ್ಲ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹನ್ನೊಂದೂವರೆಗೆ ಯುಸ್ತಿನಾ ತೀರಿಕೊಂಡಳು. ರಸ್ತೆ ತೆರೆದದ್ದು ಮರುದಿನ.

ಮಣ್ಣು ಮಾಡಿ ಬಂದ ಮೇಲೆ ಲೆಸ್ಯಾ ಅಮ್ಮನ ಫೋನನ್ನು ಅವನಿಗೇ ಕೊಟ್ಟಳು. ಕಾರು ಏನು ಮಾಡೋಣ ಎಂದು ಕೇಳಿದ್ದಕ್ಕೆ, ಈಸ್ಟರ್ ಆಗಲಿ ಎಂದ. ಷೆಡ್ಡು ಮನೆಯಿಂದ ನಲವತ್ತೇ ಹೆಜ್ಜೆ, ಕಿಟಕಿಯಿಂದ ಕಾಣುತ್ತದೆ. ಆದರೂ ಈಗ ಅವನು ಬೆಳಿಗ್ಗೆ ಎದ್ದು ಕಾಫಿಗಿಡುವ ಮೊದಲು ಕನ್ನಡಕ ಹಾಕಿಕೊಂಡು ಆ ಫೋನನ್ನು ತೆರೆಯುತ್ತಾನೆ. ಅರವತ್ತು ಎಂದಿರುತ್ತದೆ.

"ಮಾರಿಲ್ಲ ಕಣೇ ಯುಸ್ತಿ" ಎನ್ನುತ್ತಾನೆ. ಆಮೇಲೆ ದನಗಳಿಗೆ ಹುಲ್ಲು ಹಾಕಲು ಹೋಗುತ್ತಾನೆ.